ನಿಂತ ಹೊತ್ತೂ ಟ್ರ್ಯಾಕ್‌ನಲ್ಲಿದೆ

ಶ್ರೀರಂಗಪಟ್ಟಣದ ಮನೆಯಿಂದ ಕರಿಘಟ್ಟಕ್ಕೆ ಸೈಕಲ್ ತುಳಿದ ಟ್ರ್ಯಾಕನ್ನು, ಅಂದರೆ ಜಿಪಿಎಸ್ ದಾಖಲಿಸಿದ ದಾರಿಯನ್ನು, ಈಗಷ್ಟೇ ಅಪ್‌ಲೋಡ್ ಮಾಡಿದೆ. ಮಂಡ್ಯದ ಗೆಳೆಯ ದಾರಿ ಕೇಳಿದ್ದ. ಲಿಂಕ್ ಕಳಿಸಿದರೆ ಸಾಕು, ಮ್ಯಾಪ್ ಮೇಲೆ ಗೆರೆ ಬಂದುಬಿಡುತ್ತೆ.

ಸುಮ್ನೆ ಆ ಟ್ರ್ಯಾಕ್ ಇರುವ ಜಿಪಿಎಕ್ಸ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಸಾಲು ಸಾಲು ಅಂಕಿ. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ. ಒಂದು ಕಡೆ ಸಮಯ ಓಡುತ್ತಿದೆ, ಜಾಗ ಮಾತ್ರ ಹಾಗೇ ಇದೆ. ಕೊನೆಯ ಅಂಕಿಗಳಷ್ಟೇ ಚೂರು ಅತ್ತಿತ್ತ. ಲೋಕಪಾವನಿ ಹೊಳೆ ಹತ್ತಿರ ಎಳನೀರು ಕುಡಿಯುತ್ತಾ ಹರಟೆ ಹೊಡೆದ ಹೊತ್ತು ಅದು! ನೋಡಿ ತುಂಬಾ ಖುಷಿಯಾಯಿತು.

ಹಾಗೇ ಮನೆ ಬಾಗಿಲೂ, ಹೊರಟ ಸಮಯವೂ ಅದರಲ್ಲಿ ಇರುತ್ತೆ ಅಲ್ವಾ? ಹಂಚುವ ಮುಂಚೆ ಆ ತುದಿ ಕತ್ತರಿಸಿಬಿಡಿ. ಒಬ್ಬರೇ ಓಡಾಡುವವರಂತೂ ಮರೆಯಲೇಬೇಡಿ.

ಕುಂತಿಬೆಟ್ಟದ ಟ್ರ್ಯಾಕ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಭಾನುವಾರ ಹೊರಡುತ್ತಿದ್ದೇವೆ.