ಸ್ವಿಸ್ ಫುಟ್‌ಬಾಲ್ 2024–25: ಪುರುಷರ, ಮಹಿಳೆಯರ ಋತುವನ್ನು ಒಂದೇ ಹಾಳೆಗೆ ಇಳಿಸುವ ಕೆಲಸ ಎಲ್ಲಿಗೆ ಬಂತು

ಪ್ರತಿ ಪಂದ್ಯಕ್ಕೆ ಒಂದು ಸಾಲು, ಪುರುಷರದ್ದೂ ಮಹಿಳೆಯರದ್ದೂ ಒಂದೇ ಎಕ್ಸೆಲ್ ಕಡತದಲ್ಲಿ, ಹೆಸರುಗಳೆಲ್ಲ ಕನ್ನಡದಲ್ಲಿ. ಕೆಲಸ ಇಷ್ಟೇ. ಪುರುಷರ ಹಾಳೆಯನ್ನು ಮೊದಲು ಮಾಡಿ ಅದನ್ನೇ ನಕಲು ಮಾಡಿ ಮಹಿಳೆಯರ ಹಾಳೆ ಎಂದು ಹೆಸರಿಟ್ಟರೆ ಮೇ ತಿಂಗಳಲ್ಲಿ ಅದು ಮುರಿದು ಬೀಳುತ್ತದೆ. ಯಾಕೆಂದು ಕೆಳಗೆ ಬರುತ್ತದೆ.

ಜುಲೈ 2024

ಋತು ಶುರುವಾಗುವ ಮೊದಲೇ ಎಷ್ಟು ಸಾಲು ಬರಬೇಕೆಂದು ಲೆಕ್ಕ ಹಾಕಿ ಹಾಳೆಯ ತಲೆಯಲ್ಲಿ ಬರೆದಿಡಬೇಕು. ಆಮೇಲೆ ಒಂದು ಪಂದ್ಯ ಬಿಟ್ಟುಹೋದರೂ, ಎರಡು ಸಲ ಸೇರಿದರೂ ಎಣಿಕೆಯೇ ಹೇಳುತ್ತದೆ.

ಪುರುಷರ ಸೂಪರ್ ಲೀಗ್‌ನಲ್ಲಿ 12 ತಂಡ, ಅಂದರೆ 66 ಜೋಡಿ. ಪ್ರತಿ ಜೋಡಿಗೆ 3 ಪಂದ್ಯ: 198. ಆಮೇಲೆ ಮೇಲಿನ 6, ಕೆಳಗಿನ 6 ಬೇರೆಯಾಗಿ ಪ್ರತಿ ಗುಂಪಿನಲ್ಲಿ 15 ಜೋಡಿ ಒಂದೊಂದು ಸಲ ಆಡುತ್ತವೆ: 30. ಒಟ್ಟು 228. ಪುರುಷರ ಎರಡನೇ ದರ್ಜೆಯಾದ ಚಾಲೆಂಜ್ ಲೀಗ್‌ನಲ್ಲಿ 10 ತಂಡ, 45 ಜೋಡಿ, ನಾಲ್ಕು ಸುತ್ತು: 180. ಮಹಿಳೆಯರ ಸೂಪರ್ ಲೀಗ್‌ನಲ್ಲೂ 10 ತಂಡವೇ, ಆದರೆ ಎರಡೇ ಸುತ್ತು: 90. ಅದರ ಮೇಲೆ ಮೊದಲ 8 ತಂಡಗಳ ಪ್ಲೇಆಫ್.

ಕಾಲಂಗಳು: ಸ್ವಿಸ್ ದಿನಾಂಕ ಮತ್ತು ವೇಳೆ, ಭಾರತದ ದಿನಾಂಕ ಮತ್ತು ವೇಳೆ, ಸ್ಪರ್ಧೆ, ಹಂತ, ಆತಿಥೇಯ ತಂಡದ ಸಂಖ್ಯೆ, ಎದುರಾಳಿಯ ಸಂಖ್ಯೆ, ಎರಡು ಗೋಲು ಕಾಲಂ, ಹೆಚ್ಚುವರಿ ಅವಧಿ ಇತ್ತೇ, ಪೆನಾಲ್ಟಿ ಶೂಟೌಟ್‌ಗೆ ಎರಡು ಕಾಲಂ, ಮೈದಾನದ ಸಂಖ್ಯೆ, ಪ್ರೇಕ್ಷಕರು, ಟಿಪ್ಪಣಿ.

ಗೋಲುಗಳನ್ನು ಒಂದೇ ಚೌಕದಲ್ಲಿ 4-1 ಎಂದು ಹಾಕಿದರೆ ಎಕ್ಸೆಲ್ ಅದನ್ನು ದಿನಾಂಕ ಎಂದುಕೊಳ್ಳುತ್ತದೆ. ಭಾರತದ ಸೆಟ್ಟಿಂಗ್‌ನಲ್ಲಿ ಅದು ಜನವರಿ 4, ಅಮೆರಿಕದ ಸೆಟ್ಟಿಂಗ್‌ನಲ್ಲಿ ಏಪ್ರಿಲ್ 1. ಒಮ್ಮೆ ಹಾಗಾದ ಮೇಲೆ ಚೌಕದ ರೂಪವನ್ನು ಪಠ್ಯಕ್ಕೆ ಬದಲಿಸಿದರೂ ಮೂಲ ಅಂಕಿ ವಾಪಸು ಬರುವುದಿಲ್ಲ, ಐದಂಕಿಯ ಯಾವುದೋ ಸಂಖ್ಯೆ ಕಾಣಿಸುತ್ತದೆ. ಅದಕ್ಕೇ ಎರಡು ಕಾಲಂ. ಕನ್ನಡ ಅಂಕಿಗಳನ್ನು ಹಾಳೆ ಪಠ್ಯವೆಂದೇ ನೋಡುವುದರಿಂದ ಕೂಡಿಸುವ ಕಡೆ ಅವು ಬೇಡ.

ಆಗಸ್ಟ್

ಹೆಸರುಗಳ ಕೆಲಸಕ್ಕೆ ಅಂದುಕೊಂಡದ್ದರ ಎರಡು ಪಟ್ಟು ಸಮಯ ಹಿಡಿಯಿತು. ದೇಶದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರೂ ನಡೆಯುವುದರಿಂದ ಒಂದೇ ಊರಿಗೆ ಎರಡು ಹೆಸರು: ಬೀಲ್ ಎಂದರೂ ಬಿಯೆನ್ ಎಂದರೂ ಒಂದೇ, ಸಿಯೊನ್ ಎಂದರೂ ಸಿಟ್ಟೆನ್ ಎಂದರೂ ಒಂದೇ. ಹಾಕಿಕೊಂಡ ನಿಯಮ ಹೀಗಿದೆ. ಕನ್ನಡ ಪತ್ರಿಕೆಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಜ್ಯೂರಿಕ್, ಜಿನೀವಾ, ಲೂಸರ್ನ್ ಹಾಗೇ ಇರಲಿ. ಉಳಿದವು ಆಯಾ ಊರಿನವರ ಬಾಯಲ್ಲಿ ಕೇಳುವಂತೆ. ಹೀಗಾಗಿ ಥುನ್ ಅಲ್ಲ, ಟೂನ್. ವಡುಜ್ ಅಲ್ಲ, ಫಡೂಟ್ಸ್. ಕೊಸೊವೊ, ಅಲ್ಬೇನಿಯಾ ಮೂಲದ ಆಟಗಾರರ ಹೆಸರಿನ ಮೊದಲಿಗೆ ಬರುವ ಎಕ್ಸ್-ಎಚ್ ಜೋಡಿ ನಮ್ಮ 'ಜ'ಕಾರವೇ ಆದ್ದರಿಂದ ಜಾಕಾ, ಜೆಮಾಯ್ಲಿ. ಶಾಚಿರಿಯನ್ನು 'ಶಕೀರಿ' ಎಂದು ಬರೆದು ರೂಢಿಯಾಗಿದೆ, ಆದರೂ ತಿದ್ದಿದ್ದೇವೆ. ನ್ಯೂಶಾಟೆಲ್‌ನ ಗ್ಸಾಮಾಕ್ಸ್ ಎಂಬ ಹೆಸರು ಮ್ಯಾಕ್ಸ್ ಆಬೆಗ್ಲೆನ್ ಎಂಬ ಆಟಗಾರನ ಅಡ್ಡಹೆಸರಿನಿಂದ ಬಂದದ್ದು. ರೋಮನ್ ಲಿಪಿಯಲ್ಲಿ ಹಿಂದಿನಿಂದ ಓದಿದರೂ ಅದೇ ಹೆಸರು, ಕನ್ನಡಕ್ಕೆ ಬಂದಾಗ ಆ ಚಮತ್ಕಾರ ಹೋಗಿಬಿಡುತ್ತದೆ. ಏನೂ ಮಾಡುವಂತಿಲ್ಲ.

ಕನ್ನಡದ್ದೇ ಆದ ಒಂದು ತೊಡಕಿದೆ. 'ವಿಂಟರ್‌ಟೂರ್' ಎಂದು ಬರೆಯುವಾಗ 'ರ್' ಆದಮೇಲೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಅಕ್ಷರ ಕೂತಿರುತ್ತದೆ. ಅದಿಲ್ಲದಿದ್ದರೆ 'ವಿಂಟರ್ಟೂರ್' ಆಗಿ ಒತ್ತಕ್ಷರ ಬರುತ್ತದೆ. ಆ ಅಕ್ಷರ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಕೂತರಂತೂ ಪರದೆಯ ಮೇಲೆ ವ್ಯತ್ಯಾಸವೇ ತಿಳಿಯದು, ಆದರೆ ಹಾಳೆಗೆ ಅವು ಎರಡು ತಂಡ. ಅಂಕಪಟ್ಟಿಯಲ್ಲಿ 13ನೇ ತಂಡ ಹುಟ್ಟಿಕೊಂಡಿತೆಂದರೆ ಕಾರಣ ಸಾಮಾನ್ಯವಾಗಿ ಇದೇ. ಪರಿಹಾರ: ಪಂದ್ಯದ ಸಾಲಿನಲ್ಲಿ ಹೆಸರೇ ಬೇಡ, ಸಂಖ್ಯೆ ಮಾತ್ರ. ಪುರುಷರ ತಂಡಗಳಿಗೆ 100ರ ಸರಣಿ, ಮಹಿಳೆಯರಿಗೆ 200ರದು, ಒಂದೇ ಕ್ಲಬ್ಬಿಗೆ ಕೊನೆಯ ಎರಡಂಕಿ ಒಂದೇ. ಬಾಸೆಲ್ 101 ಆದರೆ ಅದರ ಮಹಿಳಾ ತಂಡ 201. ಕನ್ನಡ ಹೆಸರು ಒಂದೇ ಒಂದು ಕಡೆ, ತಂಡಗಳ ಹಾಳೆಯಲ್ಲಿ, ಇರುತ್ತದೆ.

ಫಡೂಟ್ಸ್‌ಗೆ ಪ್ರತ್ಯೇಕ ಗುರುತು ಬೇಕು. ಅದು ಲೀಕ್ಟೆನ್‌ಸ್ಟೈನ್ ದೇಶದ ಕ್ಲಬ್. ಸ್ವಿಸ್ ಲೀಗ್‌ನಲ್ಲಿ ಆಡುತ್ತದೆ, ಸ್ವಿಸ್ ಕಪ್‌ನಲ್ಲಿ ಆಡುವುದಿಲ್ಲ. ಯುರೋಪಿನ ಸ್ಪರ್ಧೆಗೆ ತನ್ನ ದೇಶದ ಕಪ್ ಗೆದ್ದು ಹೋಗುತ್ತದೆ. ಈ ಗುರುತಿಲ್ಲದಿದ್ದರೆ 'ಕಪ್ ಸಾಲು ಕಾಣೆಯಾಗಿದೆ' ಎಂದು ತಪಾಸಣಾ ಸೂತ್ರ ಋತುವಿಡೀ ಕೆಂಪು ತೋರಿಸುತ್ತಿರುತ್ತದೆ.

ಅಕ್ಟೋಬರ್ 27

ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ದಿನ. ಅದರ ಹಿಂದಿನವರೆಗೆ ಭಾರತ 3 ಗಂಟೆ 30 ನಿಮಿಷ ಮುಂದೆ, ಅಂದಿನಿಂದ 2025ರ ಮಾರ್ಚ್ 30ರವರೆಗೆ 4 ಗಂಟೆ 30 ನಿಮಿಷ ಮುಂದೆ. ಸೂತ್ರದಲ್ಲಿ 3.5/24 ಅಥವಾ 4.5/24 ಕೂಡಿಸಬೇಕು, ಅದೂ ದಿನಾಂಕ ಮತ್ತು ವೇಳೆ ಎರಡನ್ನೂ ಸೇರಿಸಿದ ಮೇಲೆ. ಬರೀ ವೇಳೆಗೆ ಕೂಡಿಸಿದರೆ ಶನಿವಾರ ರಾತ್ರಿ 8:30ರ ಪಂದ್ಯ ಕೆಡುತ್ತದೆ. ಚಳಿಗಾಲದಲ್ಲಿ ಅದು ನಮಗೆ ಭಾನುವಾರ 1:00, ಬೇಸಿಗೆಯಲ್ಲಿ ಸರಿಯಾಗಿ ಮಧ್ಯರಾತ್ರಿ 0:00. ದಿನಾಂಕ ಶನಿವಾರವೇ ಉಳಿದುಬಿಟ್ಟರೆ ಪಂದ್ಯ ಒಂದು ಇಡೀ ದಿನ ಮೊದಲೇ ಮುಗಿದಂತೆ ಕಾಣುತ್ತದೆ. ಭಾನುವಾರ ಮಧ್ಯಾಹ್ನದ 2:15ರ ಪಂದ್ಯಗಳಿಗೆ ಈ ತೊಂದರೆಯಿಲ್ಲ, ನಮಗೆ ಸಂಜೆ 5:45 ಅಥವಾ 6:45.

ಇದೇ ತಿಂಗಳು ಬರ್ನ್‌ನ ಕ್ಲಬ್ ಯಂಗ್ ಬಾಯ್ಸ್‌ನ ಕೋಚ್ ಪ್ಯಾಟ್ರಿಕ್ ರಾಮೆನ್ ಹೊರಟರು, ಹಂಗಾಮಿಯಾಗಿ ಜೋಯೆಲ್ ಮಾನ್ಯಾ ಬಂದರು, ಜನವರಿಯಿಂದ ಜಾರ್ಜೋ ಕೊಂಟಿನಿ. ಕೋಚ್ ಹೆಸರನ್ನು ತಂಡದ ಹಾಳೆಯಲ್ಲಿಟ್ಟರೆ ಹಳೆಯ ಪಂದ್ಯಗಳೆಲ್ಲ ಹೊಸಬರ ಲೆಕ್ಕಕ್ಕೆ ಹೋಗುತ್ತವೆ. 'ಎಂದಿನಿಂದ – ಎಂದಿನವರೆಗೆ' ಕಾಲಂ ಇರುವ ಬೇರೆ ಹಾಳೆ ಮಾಡಿದೆವು.

ನವೆಂಬರ್

ಯುರೋಪಿನ ರಾಷ್ಟ್ರೀಯ ತಂಡಗಳ ನೇಷನ್ಸ್ ಲೀಗ್‌ನ ಗುಂಪು ಹಂತ ಮುಗಿಯಿತು. ಪುರುಷರ ರಾಷ್ಟ್ರೀಯ ತಂಡ 6 ಪಂದ್ಯ, 0 ಗೆಲುವು, 2 ಡ್ರಾ, 4 ಸೋಲು, ಬಿ ವಿಭಾಗಕ್ಕೆ ಹಿಂಬಡ್ತಿ.

ಜನವರಿ 2025

ಚಾಂಪಿಯನ್ಸ್ ಲೀಗ್‌ನ ಹೊಸ ಮಾದರಿಯಲ್ಲಿ ಒಬ್ಬೊಬ್ಬರಿಗೆ 8 ಪಂದ್ಯ, ಒಂದೇ ಪಟ್ಟಿಯಲ್ಲಿ 36 ತಂಡ. ಪ್ಲೇಆಫ್‌ನಲ್ಲಿ ಗಲಾಟಸರಾಯ್‌ಯನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ ಬಂದ ಯಂಗ್ ಬಾಯ್ಸ್ ಎಂಟಕ್ಕೆ ಎಂಟೂ ಸೋತಿತು. ಹೊಡೆದದ್ದು 3, ಬಿಟ್ಟುಕೊಟ್ಟದ್ದು 24, ಕೊನೆಯ ಸ್ಥಾನ. ಸೂತ್ರ ಕೆಟ್ಟಿದೆಯೇ ಎಂದು ಸಾಲು ಸಾಲಾಗಿ ಕೂಡಿಸಿ ನೋಡಿದ್ದಾಯಿತು: 3, 5, 1, 2, 6, 5, 1, 1. ಸರಿಯಾಗಿಯೇ 24.

ಲುಗಾನೊ ಕಾನ್ಫರೆನ್ಸ್ ಲೀಗ್‌ನ ತವರು ಪಂದ್ಯಗಳನ್ನು ತನ್ನ ಕೊರ್ನಾರೆಡೊ ಬಿಟ್ಟು ಟೂನ್‌ನಲ್ಲಿ ಆಡಿತು. ಮೈದಾನಕ್ಕೆ ಪ್ರತ್ಯೇಕ ಸಂಖ್ಯೆ ಕೊಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಆತಿಥೇಯ ತಂಡದ ಹೆಸರಿನಿಂದ ಮೈದಾನವನ್ನು ತಾನಾಗಿ ತುಂಬುವ ಸೂತ್ರ ಹಾಕಿದ್ದರೆ ಈ ಸಾಲುಗಳೆಲ್ಲ ತಪ್ಪುತ್ತಿದ್ದವು. ಜ್ಯೂರಿಕ್‌ನ ಲೆಟ್ಸಿಗ್ರುಂಡ್‌ನಲ್ಲಿ ಇದರ ಉಲ್ಟಾ ಸಮಸ್ಯೆ, ಎಫ್‌ಸಿ ಜ್ಯೂರಿಕ್‌ಗೂ ಗ್ರಾಸ್‌ಹಾಪರ್‌ಗೂ ಅದೇ ತವರು.

ಏಪ್ರಿಲ್

33ನೇ ಸುತ್ತು ಮುಗಿದ ದಿನ ಅಂಕಪಟ್ಟಿಯನ್ನು ಮೌಲ್ಯ ಮಾತ್ರವಾಗಿ ಬೇರೆ ಹಾಳೆಗೆ ಅಂಟಿಸಿ ಬೀಗ ಹಾಕಬೇಕು. ಇದನ್ನು ಮರೆತರೆ ಆಮೇಲೆ ಯಾರು ಯಾವ ಗುಂಪಿಗೆ ಹೋದರೆಂದು ಹಾಳೆಗೆ ತಿಳಿಯದು. ಬಾಸೆಲ್, ಸರ್ವೆಟ್, ಯಂಗ್ ಬಾಯ್ಸ್, ಲುಗಾನೊ, ಲೋಜಾನ್, ಲೂಸರ್ನ್ ಮೇಲಿನ ಗುಂಪು. ಅಂಕಗಳು ಹಾಗೇ ಮುಂದುವರಿಯುತ್ತವೆ, ಆದರೆ ಕೆಳಗಿನ ಗುಂಪಿನ ತಂಡ ಎಷ್ಟೇ ಅಂಕ ಗಳಿಸಿದರೂ 7ಕ್ಕಿಂತ ಮೇಲೆ ಏರುವಂತಿಲ್ಲ. ಹಾಗಾಗಿ ವಿಂಗಡಣೆಯ ಕ್ರಮ: ಮೊದಲು ಗುಂಪು, ಆಮೇಲೆ ಅಂಕ, ಆಮೇಲೆ ಗೋಲು ಅಂತರ. ಗುಂಪನ್ನು ಬಿಟ್ಟು ಬರೀ ಅಂಕದಿಂದ ವಿಂಗಡಿಸಿದ ಪಟ್ಟಿ ಕೆಲವು ವಾರ ಸರಿಯಾಗಿಯೇ ಕಾಣುತ್ತದೆ. ಅಪಾಯ ಇರುವುದು ಅಲ್ಲೇ.

ಕಪ್ ಸೆಮಿಫೈನಲ್‌ನಲ್ಲಿ ಮೂರನೇ ದರ್ಜೆಯ ಬೀಲ್-ಬಿಯೆನ್ ತನ್ನದೇ ಟಿಸೊ ಅರೀನಾದಲ್ಲಿ ಯಂಗ್ ಬಾಯ್ಸ್ ತಂಡವನ್ನು 1–0ಯಿಂದ ಹೊರಗಟ್ಟಿತು. 1947ರ ಚಾಂಪಿಯನ್ ಆಗಿದ್ದ ಈ ಕ್ಲಬ್ 2016ರಲ್ಲಿ ದಿವಾಳಿಯೆದ್ದು ಪ್ರಾದೇಶಿಕ ಲೀಗ್‌ನಿಂದ ಮತ್ತೆ ಮೇಲೆ ಬಂದದ್ದು. ನಮ್ಮ ತಂಡಗಳ ಹಾಳೆಯಲ್ಲಿ ಮೂರನೇ ದರ್ಜೆಗೆ ಜಾಗವೇ ಇರಲಿಲ್ಲ. ಕಪ್‌ಗಾಗಿ 150ರಿಂದ ಮುಂದಿನ ಸಂಖ್ಯೆಗಳನ್ನು ಕೆಳದರ್ಜೆಯ ಕ್ಲಬ್ಬುಗಳಿಗೆ ಮೀಸಲಿಟ್ಟೆವು. ಜುಲೈನಲ್ಲೇ ಮಾಡಬೇಕಿತ್ತು.

ಮೇ

ಪುರುಷರಲ್ಲಿ 38 ಪಂದ್ಯ ಮುಗಿದಾಗ ಪಟ್ಟಿಯ ತಲೆಯಲ್ಲಿದ್ದವರೇ ಚಾಂಪಿಯನ್. ಬಾಸೆಲ್‌ಗೆ 2017ರ ನಂತರ ಮೊದಲ ಲೀಗ್ ಪ್ರಶಸ್ತಿ, ಒಟ್ಟಿನಲ್ಲಿ 21ನೆಯದು. ಷಿಕಾಗೊದಿಂದ ತವರು ಕ್ಲಬ್ಬಿಗೆ ಮರಳಿದ ಜೆರ್ದಾನ್ ಶಾಚಿರಿ 18 ಗೋಲುಗಳೊಂದಿಗೆ ಲೀಗ್‌ನ ಅಗ್ರ ಗೋಲುಗಾರ. ಈ 18 ಲೀಗ್‌ನದ್ದು ಮಾತ್ರ. ಗೋಲುಗಳ ಹಾಳೆಯಲ್ಲಿ ಸ್ಪರ್ಧೆಯ ಕಾಲಂ ಇಲ್ಲದೆ ಕೂಡಿಸಿದರೆ ಕಪ್ ಗೋಲುಗಳೂ ಸೇರಿ ಸಂಖ್ಯೆ ಉಬ್ಬುತ್ತದೆ.

ಮಹಿಳೆಯರಲ್ಲಿ ಹಾಗಲ್ಲ. 18 ಪಂದ್ಯದ ಪಟ್ಟಿ ಪ್ಲೇಆಫ್‌ನ ಜೋಡಿಗಳನ್ನು ನಿರ್ಧರಿಸುತ್ತದೆ, ಅಷ್ಟೇ. ಪ್ರಶಸ್ತಿ ನಾಕೌಟ್‌ನಲ್ಲಿ. 'ಚಾಂಪಿಯನ್ ಎಂದರೆ 1ನೇ ಸ್ಥಾನ' ಎಂಬ ಪುರುಷರ ಸೂತ್ರವನ್ನು ನಕಲು ಮಾಡಿದ ಹಾಳೆ ಮುರಿಯುವುದು ಇಲ್ಲಿ. ಮುಖ್ಯವಾಗಿ ಮೂರು ಬದಲಾವಣೆ ಮಾಡಿದೆವು. ಹಂತದ ಕಾಲಂನಲ್ಲಿ 'ಲೀಗ್', 'ಕ್ವಾರ್ಟರ್', 'ಸೆಮಿ', 'ಫೈನಲ್' ಬೇರೆ ಬೇರೆ. ಅಂಕಪಟ್ಟಿಯ ಸಮ್‌ಇಫ್ಸ್ ಸೂತ್ರ 'ಲೀಗ್' ಹಂತವನ್ನು ಮಾತ್ರ ಕೂಡಿಸುತ್ತದೆ. ಚಾಂಪಿಯನ್ ಹೆಸರನ್ನು ಸೂತ್ರ ಆರಿಸುವುದಿಲ್ಲ, ಕೈಯಲ್ಲೇ ತುಂಬುತ್ತೇವೆ. ಎರಡು ಪಂದ್ಯದ ಮುಖಾಮುಖಿಗಳಿಗೆ ಜೋಡಿ ಸಂಖ್ಯೆಯೂ ಬೇಕು, ಇಲ್ಲದಿದ್ದರೆ ಒಟ್ಟು ಗೋಲು ಲೆಕ್ಕ ಬರುವುದಿಲ್ಲ.

ಚಾಂಪಿಯನ್ ಆದದ್ದು ಯಂಗ್ ಬಾಯ್ಸ್, ಫೈನಲ್‌ನಲ್ಲಿ ಗ್ರಾಸ್‌ಹಾಪರ್ ವಿರುದ್ಧ. 2011ರ ನಂತರ ಮೊದಲ ಸಲ. ಮಹಿಳಾ ತಂಡದ ಹೆಸರೂ 'ಹುಡುಗರು' ಎಂದೇ ಇರುವುದು ಓದುವವರಿಗೆ ವಿಚಿತ್ರ ಅನ್ನಿಸಬಹುದು. 1898ರಲ್ಲಿ ಬಾಸೆಲ್‌ನ ಓಲ್ಡ್ ಬಾಯ್ಸ್‌ಗೆ ಎದುರಾಗಿ ಇಟ್ಟ ಹೆಸರು, ಬದಲಾಗಿಲ್ಲ. ಹಾಳೆಯಿಂದ ತಾನಾಗಿ ವಾಕ್ಯ ಬರೆಸುವಾಗ ತಂಡಕ್ಕೆ 'ಗೆದ್ದಿತು', ಆಟಗಾರರು ಯಾರೇ ಇರಲಿ 'ಗೋಲು ಹೊಡೆದರು' ಎಂದಿಟ್ಟರೆ ಲಿಂಗದ ಗೊಂದಲ ತಪ್ಪುತ್ತದೆ. ವಿಭಕ್ತಿಯನ್ನು ಸೂತ್ರಕ್ಕೆ ಬಿಡಬಾರದು, 'ಲುಗಾನೊಗೆ', 'ಲುಗಾನೊಕ್ಕೆ', 'ಸರ್ವೆಟ್‌ಗೆ', 'ಸರ್ವೆಟ್ಟಿಗೆ' ಎಲ್ಲ ಒಂದೊಂದು ಕಡೆ ಒಂದೊಂದಾಗುತ್ತದೆ. 'ಬಾಸೆಲ್ 4, ಬೀಲ್ 1' ಸಾಕು.

ಪುರುಷರ ಕೆಳತುದಿ: ಇವೆರ್ಡಾನ್‌ಗೆ ನೇರ ಹಿಂಬಡ್ತಿ, ಟೂನ್‌ಗೆ ನೇರ ಬಡ್ತಿ. 11ನೇ ಸ್ಥಾನದ ಗ್ರಾಸ್‌ಹಾಪರ್, 27 ಸಲ ಗೆದ್ದ ದಾಖಲೆಯ ಕ್ಲಬ್, ಚಾಲೆಂಜ್ ಲೀಗ್‌ನ ಎರಡನೇ ತಂಡ ಆರಾವ್ ಜೊತೆ ಎರಡು ಪಂದ್ಯದ ಬರಾಜ್ (ಮೇಲಿನ ದರ್ಜೆಯಲ್ಲಿ ಯಾರು ಇರಬೇಕೆಂದು ನಿರ್ಧರಿಸುವ ಮುಖಾಮುಖಿ) ಆಡಿ ಉಳಿದುಕೊಂಡಿತು. ಬರಾಜ್ ಸಾಲುಗಳು 228ರಲ್ಲೂ ಇಲ್ಲ, 180ರಲ್ಲೂ ಇಲ್ಲ.

ಜೂನ್ 1

ಕಪ್ ಫೈನಲ್, ಬರ್ನ್‌ನ ವಾಂಕ್‌ಡೋರ್ಫ್. ಬಾಸೆಲ್ 4, ಬೀಲ್-ಬಿಯೆನ್ 1. ಬಾಸೆಲ್‌ಗೆ 14ನೇ ಕಪ್, 2017ರ ನಂತರ ಮತ್ತೆ ಜೋಡಿ ಪ್ರಶಸ್ತಿ. ದೇಶೀ ಪುರುಷರ ಭಾಗಕ್ಕೆ ಬೀಗ ಬಿತ್ತು.

ಜುಲೈ 2025

ಮಹಿಳೆಯರ ಯುರೋ ಸ್ವಿಟ್ಜರ್ಲೆಂಡಿನಲ್ಲೇ ನಡೆದದ್ದರಿಂದ ಋತುವಿಗೆ ಸೇರಿಸಿಕೊಂಡೆವು. ಜುಲೈ 2ರಿಂದ 27, 16 ತಂಡ, 31 ಪಂದ್ಯ, 8 ಮೈದಾನ. ಪ್ರಾಯೋಜಕರ ಹೆಸರುಗಳು ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ನಡೆಸುವ ಪಂದ್ಯಗಳಲ್ಲಿ ಬರುವುದಿಲ್ಲ: ಲೀಗ್‌ನಲ್ಲಿ ಕಿಬುನ್‌ಪಾರ್ಕ್ ಆಗಿದ್ದದ್ದು ಇಲ್ಲಿ ಅರೀನಾ ಸಾಂಕ್ಟ್ ಗಾಲೆನ್, ಸ್ಟಾಕ್‌ಹಾರ್ನ್ ಅರೀನಾ ಆಗಿದ್ದದ್ದು ಅರೀನಾ ಟೂನ್. ಮೈದಾನದ ಸಂಖ್ಯೆ ಇದ್ದದ್ದರಿಂದ ಎರಡು ಹೆಸರು ಒಂದೇ ಸಾಲಿಗೆ ಕೂತವು. ನೆಲದ ಕಾಲಂಗೆ ಮಾತ್ರ ದಿನಾಂಕ ಬೇಕಾಯಿತು. ಬರ್ನ್ ಮತ್ತು ಟೂನ್‌ನಲ್ಲಿ ಲೀಗ್ ನಡೆಯುವುದು ಕೃತಕ ಹುಲ್ಲಿನ ಮೇಲೆ, ಯುರೋಗೆ ನಿಜವಾದ ಹುಲ್ಲು ಹಾಸಿದರು.

ಸ್ವಿಸ್ ತಂಡದ ಸಾಲುಗಳು: ನಾರ್ವೆ ವಿರುದ್ಧ 1–2, ಐಸ್‌ಲೆಂಡ್ ವಿರುದ್ಧ 2–0, ಫಿನ್‌ಲೆಂಡ್ ವಿರುದ್ಧ 1–1, ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 0–2. ಯುರೋದಲ್ಲಿ ಗುಂಪು ದಾಟಿದ್ದು ಇದೇ ಮೊದಲು, ಮತ್ತು ದಾಟಿಸಿದ್ದು ಫಿನ್‌ಲೆಂಡ್ ವಿರುದ್ಧ ರಿಯೋಲಾ ಜೆಮಾಯ್ಲಿ 90+2ರಲ್ಲಿ ಹೊಡೆದ ಗೋಲು. ನಿಮಿಷವನ್ನು 92 ಎಂದು ಬರೆದರೆ ಹೆಚ್ಚುವರಿ ಅವಧಿಯ ಗೋಲಿನೊಂದಿಗೆ ಬೆರೆಯುತ್ತದೆ, 90+2 ಎಂದರೆ ವಿಂಗಡಣೆ ಕೆಡುತ್ತದೆ. 90 ಒಂದು ಕಾಲಂ, 2 ಇನ್ನೊಂದು. ನಾರ್ವೆ ಪಂದ್ಯದ ಎರಡನೇ ಗೋಲು ಯೂಲಿಯಾ ಸ್ಟಿಯರ್ಲಿ ಅವರ ಸ್ವಂತ ಗೋಲು. ಆದ್ದರಿಂದ ಗೋಲು ಯಾರ ಖಾತೆಗೆ, ಹೊಡೆದವರು ಯಾವ ತಂಡ ಎಂಬುದಕ್ಕೆ ಎರಡು ಕಾಲಂ ಬೇಕೇ ಬೇಕು.

ಪ್ರೇಕ್ಷಕರ ಒಟ್ಟು 6,57,291, ಪಂದ್ಯಕ್ಕೆ ಸರಾಸರಿ ಸುಮಾರು 21,203. ಲೀಗ್ ಹಾಳೆಯಲ್ಲಿ ಪ್ರೇಕ್ಷಕರ ಸಂಖ್ಯೆ ಸಿಗದ ಕಡೆ 0 ಹಾಕಬಾರದು, ಖಾಲಿ ಬಿಡಬೇಕು. 0 ಹಾಕಿದರೆ ಸರಾಸರಿ ಕುಸಿಯುತ್ತದೆ, ಮಹಿಳೆಯರ ಲೀಗ್‌ಗೆ ಅದರಿಂದ ಆಗುವ ಅನ್ಯಾಯ ಹೆಚ್ಚು.

ಬಾಕಿ

ಹಳೆಯ ಪ್ರಶಸ್ತಿಗಳ ಹಾಳೆ ಅರ್ಧಕ್ಕೆ ನಿಂತಿದೆ. ಎಫ್‌ಸಿ ಜ್ಯೂರಿಕ್ ಮಹಿಳಾ ತಂಡ ಮೊದಲು ಸೀಬಾಕ್ ಹೆಸರಿನ ಕ್ಲಬ್ ಆಗಿತ್ತು, 2008ರಲ್ಲಿ ಜ್ಯೂರಿಕ್‌ಗೆ ಸೇರಿತು. ಸೀಬಾಕ್ ಗೆದ್ದದ್ದನ್ನು ಈಗಿನ ಹೆಸರಿಗೆ ಕೂಡಿಸಿದರೆ ಒಂದು ಸಂಖ್ಯೆ, ಬಿಟ್ಟರೆ ಇನ್ನೊಂದು. 'ಪೂರ್ವಜ ಕ್ಲಬ್' ಎಂಬ ಕಾಲಂ ಸೇರಿಸಿ ಎರಡೂ ಒಟ್ಟು ಪಕ್ಕಪಕ್ಕದಲ್ಲಿ ತೋರಿಸುವುದು ಸದ್ಯದ ಯೋಜನೆ. ಅದಾದ ಮೇಲೆ 2025–26ಕ್ಕೆ ಖಾಲಿ ಹಾಳೆ: ಟೂನ್ 1ನೇ ದರ್ಜೆಗೆ, ಇವೆರ್ಡಾನ್ 2ಕ್ಕೆ, ಷಾಫ್‌ಹೌಸೆನ್ 3ಕ್ಕೆ, ರಾಪರ್ಸ್‌ವಿಲ್-ಯೋನಾ 2ಕ್ಕೆ. ಸಂಖ್ಯೆಗಳು ಬದಲಾಗುವುದಿಲ್ಲ, ದರ್ಜೆಯ ಕಾಲಂ ಮಾತ್ರ.