ಬರೆ ಮೇಲೆ ಮೊದಲು ಹುಲ್ಲು, ಆಮೇಲೆ ಹೂವು

ಮನೆ ಕಟ್ಟಲು ಜೆಸಿಬಿಯಲ್ಲಿ ಗುಡ್ಡ ಕಡಿದರೆ ಹಿತ್ತಲಲ್ಲಿ ಉಳಿಯುವುದು ಕೆಂಪು ಬರೆ, ಎಂದರೆ ಕಡಿದಾದ ಮಣ್ಣಿನ ಗೋಡೆ. ಮೇಲ್ಮಣ್ಣು ಹೋಗಿ ಗಟ್ಟಿ ಅಡಿಮಣ್ಣು ಬಾಯಿ ಬಿಟ್ಟಿರುತ್ತದೆ. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬ ಕಳೆದರೆ, ಕಾಫಿ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆ ಬರುವವರೆಗೆ ಅದೇ ಮಣ್ಣು ಇಟ್ಟಿಗೆಯಂತೆ ಒಣಗುತ್ತದೆ. ಇಂಥ ಕಡೆ ಊರಿನದೇ ಹುಲ್ಲು-ಹೂ ಬೆಳೆಸಬಹುದು. ಆದರೆ ಅವಸರ ಮಾಡಬಾರದು.

ಮೊದಲೇ ಒಂದು ಮಾತು. ಹುಲ್ಲಿನ ಬೇರು ಮೇಲಿನ ಮಣ್ಣನ್ನು ಹಿಡಿಯುತ್ತದೆಯೇ ಹೊರತು ಆಳದಿಂದ ಜಾರುವ ಗುಡ್ಡವನ್ನಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ಬುಡದಲ್ಲಿ ಕೆಸರು ನೀರು ಒಸರಿದರೆ, ಗಿಡದ ಯೋಚನೆ ಬಿಟ್ಟು ಎಂಜಿನಿಯರನ್ನು ಕರೆಸಿ.

ಮೊದಲ ಕೆಲಸ ನೀರಿನದು. ಬರೆಯ ಅಂಚಿನಿಂದ ಒಂದೂವರೆ ಮೀಟರ್ ಹಿಂದೆ ಚರಂಡಿ ಮಾಡಿ, ಕಲ್ಲು-ಸಿಮೆಂಟ್ ಹಾಕಿ, ನೂರು ಅಡಿಗೆ ಒಂದಡಿ ಇಳಿಜಾರು ಕೊಟ್ಟು ನೀರನ್ನು ತೋಡಿಗೆ (ಹಳ್ಳಕ್ಕೆ) ಬಿಡಿ. ಬರೀ ಮಣ್ಣಿನ ಚರಂಡಿ ತೋಡಿದರೆ ನೀರು ಅಲ್ಲೇ ಇಂಗಿ ಬರೆಯ ಒಳಗೆ ಸೇರುತ್ತದೆ. ಅದಕ್ಕಿಂತ ಚರಂಡಿ ಇಲ್ಲದಿರುವುದೇ ವಾಸಿ.

ನಂತರ ಲಾವಂಚದ ಹುಲ್ಲು. ಸಮಮಟ್ಟದ ಗೆರೆ ಎಳೆಯಲು ಎರಡು ಮೀಟರ್ ಉದ್ದದ ಎರಡು ಬಿದಿರನ್ನು ತುದಿಯಲ್ಲಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗಿಯಿರಿ. ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ದಾರ ಅಡ್ಡಕೋಲನ್ನು ಮುಟ್ಟುವಲ್ಲಿ ಗುರುತು ಹಾಕಿ, ಕಾಲುಗಳನ್ನು ಅದಲು ಬದಲು ಮಾಡಿ ಅದೇ ಎರಡು ಜಾಗದಲ್ಲಿ ಇಟ್ಟು ಮತ್ತೆ ಗುರುತು ಹಾಕಿ. ಎರಡರ ನಡುಮಧ್ಯವೇ ಸಮಮಟ್ಟ. ದಾರ ಅಲ್ಲಿ ನಿಲ್ಲುವಂತೆ ಕಾಲು ಎತ್ತಿ ಇಡುತ್ತಾ ಗೂಟ ಹೊಡೆಯುತ್ತಾ ಹೋಗಿ. ಕಣ್ಣಂದಾಜಿನ ಸಾಲು ಒಂದು ಕಡೆ ಇಳಿದೇ ಇಳಿಯುತ್ತದೆ. ನೀರೆಲ್ಲ ಆ ತುದಿಗೆ ಓಡಿ ಒಂದೇ ಮಳೆಗೆ ಕೊರಕಲು ಬೀಳುತ್ತದೆ.

ಸಾಲಿನಿಂದ ಸಾಲಿಗೆ ಎತ್ತರದಲ್ಲಿ ಒಂದು ಮೀಟರ್, ಗಿಡದಿಂದ ಗಿಡಕ್ಕೆ 12 ಸೆಂ.ಮೀ. ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಬರೆಗೆ ಮೂರು ಸಾಲು. ಸತ್ತದ್ದಕ್ಕೆ ಬದಲಿ ಸೇರಿಸಿ 280 ಗಿಡ ಬೇಕು. ಹಳೇ ಬುಡ ಒಡೆದು ಎರಡು-ಮೂರು ತೆಂಡೆ ಒಟ್ಟಿಗಿರಲಿ. ಎಲೆ 20 ಸೆಂ.ಮೀ.ಗೆ, ಬೇರು 8 ಸೆಂ.ಮೀ.ಗೆ ಕತ್ತರಿಸಿ, ಮೇ ತಿಂಗಳ ನಡುವೆ ನೆಟ್ಟು ಹಿಮ್ಮಡಿಯಲ್ಲಿ ಒತ್ತಿ. ಮಳೆ ತಡವಾದರೆ ನೀರು ಹಾಕಿ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆ ಬರುವ ಮೊದಲು ಬೇರೂರಿರಬೇಕು. ಜುಲೈಯಲ್ಲಿ ನೆಟ್ಟದ್ದು ಬುಡಸಮೇತ ಕೊಚ್ಚಿ ಹೋಗುತ್ತದೆ.

ಸಾಲುಗಳ ನಡುವೆ ಗರಿಕೆಯ ತುಂಡು ಊರಿ, ಮೇಲೆ ತೆಂಗಿನ ನಾರಿನ ಬಲೆ ಹಾಸಿ. ಬಲೆಯ ಮೇಲಂಚು ಒಂದಡಿ ಆಳದ ಕಾಲುವೆಯೊಳಗೆ ಹೂತಿರಲಿ, ಬಲೆ ಎಲ್ಲೆಡೆ ಮಣ್ಣಿಗೆ ಅಂಟಿರಲಿ. ಡೇರೆಯಂತೆ ಎದ್ದು ನಿಂತರೆ ನೀರು ಅದರಡಿಯಲ್ಲೇ ಮಣ್ಣು ಕೊರೆಯುತ್ತದೆ. ಗೂಟಕ್ಕೆ ಒಣ ಬಿದಿರೇ ಆಗಬೇಕು. ಹಾಲುವಾಣದ ಹಸಿ ಕೊಂಬೆ ಹೊಡೆದರೆ ಅದು ಚಿಗುರಿ ಮರವಾಗಿ, ಗಾಳಿಗೆ ತೂಗಿ ಬರೆಯನ್ನೇ ಅಲುಗಿಸುತ್ತದೆ.

ತೋಟದವರ ಕೈ ಸುಮ್ಮನಿರುವುದಿಲ್ಲ. ಸುಣ್ಣ, ಗೊಬ್ಬರದ ಚೀಲ ಹೊತ್ತು ತರುತ್ತಾರೆ. ದಯವಿಟ್ಟು ಬೇಡ. ಲಾವಂಚದ ಬುಡಕ್ಕೆ ಒಂದು ಹಿಡಿ ಹಳೇ ಸಗಣಿ ಗೊಬ್ಬರ ಸಾಕು. ನಮ್ಮ ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಮೀನು) ಹೂಗಳು ಬಡ ಹುಳಿಮಣ್ಣಿಗೇ ಹೊಂದಿಕೊಂಡವು. ಮಣ್ಣು ಕೊಬ್ಬಿದರೆ ಮೊದಲು ಮೇಲೇಳುವುದು ಯುಪಟೋರಿಯಂ ಗಿಡ ಮತ್ತು ಮೈಕೇನಿಯಾ ಬಳ್ಳಿ ಎಂಬ ಕಳೆಗಳು. ಇವನ್ನು ಬರೆಯಿಂದ ಕೀಳಬೇಡಿ, ಬೇರಿನ ಜೊತೆ ಮಣ್ಣೂ ಬರುತ್ತದೆ. ಜುಲೈ ಕೊನೆಗೊಮ್ಮೆ, ತುಲಾ ಸಂಕ್ರಮಣದ ಹೊತ್ತಿಗೊಮ್ಮೆ ಕತ್ತಿಯಲ್ಲಿ ಬುಡಕ್ಕೆ ಕಡಿಯಿರಿ. ಹೂ ಬಿಡುವ ಮೊದಲೇ ಕಡಿಯುವುದು ಮುಖ್ಯ. ಕಳೆನಾಶಕ ಹೊಡೆದರೆ ಹುಲ್ಲೂ ಸತ್ತು ಬರೆ ಮತ್ತೆ ಬತ್ತಲೆ.

ಎರಡನೇ ವರ್ಷ ಹೂವಿನ ಸರದಿ. ಬೆಳಗಿನ ಬಿಸಿಲಷ್ಟೇ ಬೀಳುವ ತಂಪು ಬರೆಗೆ ಕಾಡು ಗೌರಿಹೂ, ಬಿಸಿಲಿನ ಬರೆಯ ಬುಡಕ್ಕೆ ನೇರಳೆ ಹೂವಿನ ಪೊದೆ ನೆಕ್ಕರಿಕ. ಗೌರಿಹೂವಿನ ಕಾಯಿ ಬಲಿತರೆ ಮುಟ್ಟಿದ ತಕ್ಷಣ ಸಿಡಿದು ಸುರುಳಿಯಾಗುತ್ತದೆ, ಬೀಜ ಅಂಗೈಗೆ ಸಿಗುವುದೇ ಇಲ್ಲ. ಕಾಯಿ ಹಸಿರಿರುವಾಗಲೇ ಕೊಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿಬಿಡಿ. ಬೀಜ ಗದ್ದೆ ಏರಿಯಿಂದಲೋ ನಿಮ್ಮದೇ ಬಾಣೆಯಿಂದಲೋ ಬರಲಿ; ಪುಷ್ಪಗಿರಿ, ಬ್ರಹ್ಮಗಿರಿಯಂಥ ಅಭಯಾರಣ್ಯದಿಂದ ಬೇಡ. ಒಂದು ಪಾಲು ಬೀಜಕ್ಕೆ ಐದು ಪಾಲು ಮರಳು ಬೆರೆಸಿ, ಜೂನ್ ಮೊದಲ ವಾರ ಹುಲ್ಲಿನ ಸಾಲಿನ ಮೇಲ್ಮಗ್ಗುಲಿಗೆ ಒತ್ತಿ. ಅಲ್ಲಿ ಮೆಕ್ಕಲು ನಿಂತಿರುತ್ತದೆ.

ತೋಕ್ ಪೂ (ಅಗ್ನಿಶಿಖೆ ಬಳ್ಳಿ) ಬೇಕೆನ್ನುವವರು ಗೆಡ್ಡೆಯನ್ನು ಮೇ ತಿಂಗಳಲ್ಲಿ ಅಡ್ಡಡ್ಡ ಮಲಗಿಸಿ, ಎರಡೂವರೆ ಅಂಗುಲ ಆಳಕ್ಕೆ ಹೂಳಿ. ಮೊಳಕೆಯ ತುದಿ ಮುರಿದರೆ ಚಿಗುರುವುದಿಲ್ಲ, ಹಾಗಾಗಿ ಅಗೆಯುವಾಗ ಹಾರೆ ಬೇಡ, ಕೈಯೇ ಆಗಬೇಕು. ಎಲೆಯ ತುದಿಯ ಕುಡಿಯಿಂದಲೇ ಅದು ಲಾವಂಚವನ್ನು ಹಿಡಿದು ಹತ್ತುತ್ತದೆ. ಗೆಡ್ಡೆ ಕಡುವಿಷ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಎತ್ತರದಲ್ಲಿ ನೆಡಿ. ಗೆಡ್ಡೆ ಬಲಿತಿದ್ದರೆ ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಹೊತ್ತಿಗೆ ಕೋವಿಗೆ ಸಿಕ್ಕಿಸುವಷ್ಟು ಹೂ ಅಲ್ಲೇ ಸಿಗುತ್ತದೆ.