ಬಿ.ಫಾರ್ಮ್ ಪರೀಕ್ಷೆಯಲ್ಲಿ ನಾವು ಅಳೆಯುತ್ತಿರುವುದೇನು?

ಭಾರತೀಯ ಫಾರ್ಮಸಿ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಫಾರ್ಮ್‌ನ ಥಿಯರಿ ವಿಷಯಗಳಲ್ಲಿ ಸಾಮಾನ್ಯವಾಗಿ 75 ಅಂಕಗಳು ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ, 25 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಆ 25ರಲ್ಲಿ 15, ಸೆಮಿಸ್ಟರ್ ನಡುವೆ ಕಾಲೇಜೇ ನಡೆಸುವ ಸೆಷನಲ್ ಪರೀಕ್ಷೆಗಳ ಪಾಲು. ನಿರಂತರ ಮೌಲ್ಯಮಾಪನವೆಂದು ಕರೆಯುವ ಉಳಿದ 10ರಲ್ಲಿ 4 ಅಂಕಗಳು ಬರೀ ಹಾಜರಾತಿಗೆ ಸಲ್ಲುತ್ತವೆ. ತರಗತಿಗೆ ಬಾರದೆ ಕಲಿಯುವುದು ಕಷ್ಟವೆಂಬುದು ನಿಜವಾದರೂ, ಬೆಂಚಿನ ಮೇಲೆ ಕುಳಿತದ್ದನ್ನು ಕಲಿಕೆಯ ಲೆಕ್ಕಕ್ಕೆ ಸೇರಿಸುವುದು ಅಧ್ಯಾಪಕನಾದ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಪ್ರಶ್ನೆಗಳ ಸ್ವರೂಪದಲ್ಲಿದೆ. ಮೆಥೊಟ್ರೆಕ್ಸೇಟ್ ಎಂಬ ಔಷಧ ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆಂದು ಚಿತ್ರಸಹಿತ ಬರೆದ ವಿದ್ಯಾರ್ಥಿಗೆ ನಾವು ಪೂರ್ಣ ಅಂಕ ಕೊಡುತ್ತೇವೆ. ಆದರೆ ಸಂಧಿವಾತಕ್ಕೆ ಈ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು, ತಪ್ಪಿ ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ಪ್ರಾಣಕ್ಕೇ ಅಪಾಯವಾಗಬಹುದು ಎಂಬುದನ್ನು ಕೌಂಟರಿನಾಚೆ ನಿಂತ ಅಜ್ಜಿಗೆ ಅರ್ಥವಾಗುವಂತೆ ಅದೇ ವಿದ್ಯಾರ್ಥಿ ಹೇಳಬಲ್ಲನೇ, ವಾರದ ಯಾವ ದಿನವೆಂದು ಚೀಟಿಯಲ್ಲಿ ಬರೆದುಕೊಟ್ಟು ಅದನ್ನು ಆಕೆಯ ಬಾಯಿಂದಲೇ ಮತ್ತೊಮ್ಮೆ ಹೇಳಿಸುತ್ತಾನೆಯೇ ಎಂಬುದು ಉತ್ತರಪತ್ರಿಕೆಯಿಂದ ತಿಳಿಯುವುದಿಲ್ಲ. ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯಕೀಯ ಶಿಕ್ಷಣಕ್ಕಾಗಿ ರೂಪಿಸಿದ ಪಿರಮಿಡ್ಡಿನಲ್ಲಿ ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು ಎಂಬ ನಾಲ್ಕು ಹಂತಗಳಿವೆ. ನಮ್ಮ ಥಿಯರಿ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಮೊದಲನೆಯದರಲ್ಲೇ ತಂಗುತ್ತವೆ.

ಪ್ರಾಯೋಗಿಕ ಪರೀಕ್ಷೆ ಈ ಕೊರತೆಯನ್ನು ತುಂಬಬೇಕಿತ್ತು. ಅಲ್ಲಿಯೂ ರೆಕಾರ್ಡ್ ಪುಸ್ತಕದ ಅಂದ, ಬಾಯಿಪಾಠದ ಸಿನಾಪ್ಸಿಸ್ (ಪ್ರಯೋಗದ ಸಾರಾಂಶ) ಮುಂದೆ ಬರುತ್ತವೆ. ದ್ರಾವಣ ಅಳೆಯುವ ಗಾಜಿನ ಕೊಳವೆಯಾದ ಬ್ಯುರೆಟ್‌ನ ಮೂರು ರೀಡಿಂಗುಗಳೂ ಕೂದಲೆಳೆಯಷ್ಟೂ ಬದಲಾಗದೆ ಒಂದೇ ಆಗಿದ್ದರೆ ನನಗೆ ಮೆಚ್ಚುಗೆಗಿಂತ ಅನುಮಾನವೇ ಹೆಚ್ಚು. ಅಂಥಲ್ಲಿ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಆ ರೀಡಿಂಗಿನ ಬಗ್ಗೆಯೇ ಎರಡು ಪ್ರಶ್ನೆ ಕೇಳಿದರೆ ಸಾಕು.

1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವಿವರಿಸಿದ ಆಸ್ಕಿ (OSCE) ಮಾದರಿಯನ್ನು, ಅಂದರೆ ಒಂದೊಂದು ಕೆಲಸಕ್ಕೆ ಮೀಸಲಾದ ಸ್ಟೇಷನ್ನುಗಳನ್ನು ವಿದ್ಯಾರ್ಥಿಗಳು ಸರದಿಯಂತೆ ಸುತ್ತಿ ಮಾಡಿ ತೋರಿಸುವ ಪರೀಕ್ಷೆಯನ್ನು, ನಮ್ಮಲ್ಲಿಯೂ ಅಳವಡಿಸಬಹುದು: ಒಂದು ಸ್ಟೇಷನ್ನಿನಲ್ಲಿ ಇನ್‌ಹೇಲರ್ ಬಳಕೆಯ ವಿವರಣೆ, ಇನ್ನೊಂದರಲ್ಲಿ ಔಷಧ ಚೀಟಿಯ ದೋಷ ಹುಡುಕುವುದು, ಪ್ರತಿಯೊಂದಕ್ಕೂ ಮೊದಲೇ ಸಿದ್ಧಪಡಿಸಿದ ಚೆಕ್‌ಲಿಸ್ಟ್. ಐದೈದು ನಿಮಿಷದ ಹತ್ತು ಸ್ಟೇಷನ್ನುಗಳಿದ್ದರೆ 60 ವಿದ್ಯಾರ್ಥಿಗಳಿಗೆ ವಿರಾಮವಿಲ್ಲದೆಯೂ ಐದು ಗಂಟೆ ಬೇಕು, ಅಷ್ಟೂ ಹೊತ್ತು ಪರೀಕ್ಷಕರು ಬೇಕು. ಹಾಗಾಗಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಕಾಯದೆ, 20 ಮಂದಿಯ ಪ್ರಾಯೋಗಿಕ ಬ್ಯಾಚಿನಲ್ಲಿ ಮೂರು ಸ್ಟೇಷನ್ನುಗಳಿಂದ ಸೆಷನಲ್ ಹಂತದಲ್ಲೇ ಆರಂಭಿಸುವುದು ಕಾರ್ಯಸಾಧ್ಯವೆಂದು ನನ್ನ ಅಭಿಪ್ರಾಯ.